ಬಂದ ಯೋಚನೆಗೆಲ್ಲ ಮಣೆ ಹಾಕಬೇಕೆ?

ಮದುವೆಯ ಮನೆಯಿಂದ ಬಂದು ನಾಲ್ಕು ದಿನವಾಯಿತೆಂದು ಇಟ್ಟುಕೊಳ್ಳೋಣ. ಅಲ್ಲಿ ಊಟದ ಪಂಕ್ತಿಯಲ್ಲಿ, ಹತ್ತು ಜನರ ಎದುರಿಗೆ, ದೊಡ್ಡಪ್ಪನ ಮಗ ಒಂದು ಮಾತು ಅಂದುಬಿಟ್ಟ. ಹಿಂದೆ ಮನೆ ಪಾಲಾದಾಗಿನ ವಿಷಯ ಅದು. ಅಲ್ಲಿ ಎತ್ತುವ ಅಗತ್ಯವಿರಲಿಲ್ಲ. ನಾವು ಮಾತಿಗೆ ಮಾತು ಬೆಳೆಸದೆ ಎಲೆ ಮಡಿಸಿ ಎದ್ದು ಬಂದೆವು. ಜನ ಮೆಚ್ಚಿಕೊಂಡರು. ಆದರೆ ರಾತ್ರಿ ರೇಡಿಯೋ ನಿಲ್ಲಿಸಿ, ದೀಪ ಆರಿಸಿ, ತಲೆದಿಂಬಿಗೆ ತಲೆಯಿಟ್ಟೊಡನೆ ಆ ಪಂಕ್ತಿಯೇ ಕಣ್ಣಿಗೆ ಕಟ್ಟುತ್ತದೆ. ಅಂದು ಹೊಳೆಯದಿದ್ದ ಉತ್ತರಗಳೆಲ್ಲ ಒಂದೊಂದಾಗಿ ಈಗ ಹೊಳೆಯುತ್ತವೆ. ‘ಹೀಗೆ ಅನ್ನಬೇಕಾಗಿತ್ತು, ಹಾಗೆ ಅನ್ನಬೇಕಾಗಿತ್ತು’ ಎಂದು ಮನಸ್ಸು ವಕೀಲನಂತೆ ವಾದ ಹೂಡುತ್ತದೆ. ಗಡಿಯಾರ ಹನ್ನೆರಡು ಹೊಡೆಯುತ್ತದೆ, ಒಂದು ಹೊಡೆಯುತ್ತದೆ. ಮಾತು ಅಂದವನು ತನ್ನ ಮನೆಯಲ್ಲಿ ಗೊರಕೆ ಹೊಡೆಯುತ್ತಿರಬಹುದು. ನಿದ್ರೆಗೆಟ್ಟವರು ನಾವು.

ಇಂಥ ರಾತ್ರಿಯನ್ನು ಕಾಣದವರು ನಮ್ಮಲ್ಲಿ ವಿರಳ. ಒಬ್ಬರಿಗೆ ಅದು ಅವಮಾನದ ನೆನಪು, ಮತ್ತೊಬ್ಬರಿಗೆ ಮಗನ ಪರೀಕ್ಷೆಯ ಚಿಂತೆ, ಇನ್ನೊಬ್ಬರಿಗೆ ಎಂದೋ ಮಾಡಿದ ತಪ್ಪಿನ ಕೊರಗು. ಕೈಕಾಲು ನಾವು ಹೇಳಿದಂತೆ ಕೇಳುತ್ತವೆ. ಮನಸ್ಸು ಮಾತ್ರ ಹೇಳಿದಂತೆ ಕೇಳುವುದಿಲ್ಲ. ಅದನ್ನು ಮರ್ಕಟವೆಂದು ಕರೆದು ಬೇಸತ್ತವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಎಲ್ಲ ಮತಗಳ ಸಾಧಕರೂ ಈ ಮರ್ಕಟದೊಡನೆ ಹೋರಾಡಿದ್ದಾರೆ. ಈ ಹೋರಾಟದಲ್ಲಿ ಕ್ರೈಸ್ತ ಸಾಧಕರು ಕಂಡುಕೊಂಡ ದಾರಿ ಯಾವುದು, ಆ ದಾರಿಯಲ್ಲಿ ಶ್ರದ್ಧೆಗೆ ಇರುವ ಸ್ಥಾನವೇನು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಮೂಲದ ಮಾತನ್ನು ತಿಳಿಯಬೇಕು. ಕ್ರಿಸ್ತನ ಶಿಷ್ಯಪರಂಪರೆಯಲ್ಲಿ ಹಿರಿಯನಾದ ಸಂತ ಪೌಲನು ಮೊದಲನೆಯ ಶತಮಾನದ ಮಧ್ಯಭಾಗದಲ್ಲಿ, ಸುಮಾರು ಕ್ರಿ. ಶ. 57ರಲ್ಲಿ, ರೋಮ್ ನಗರದ ಕ್ರೈಸ್ತರಿಗೆ ಒಂದು ದೀರ್ಘವಾದ ಪತ್ರ ಬರೆದ. ಆ ಪತ್ರದ ಹನ್ನೆರಡನೆಯ ಅಧ್ಯಾಯದ ಆರಂಭದಲ್ಲಿ ಅವನು ಎರಡು ವಿಷಯ ಹೇಳುತ್ತಾನೆ. ಲೋಕವು ತನ್ನ ಅಚ್ಚಿನಲ್ಲಿ ನಿಮ್ಮನ್ನು ಒತ್ತಲು ಬಿಡಬೇಡಿ ಎಂಬುದು ಒಂದು. ಮನಸ್ಸು ಹೊಸದಾಗುವುದರ ಮೂಲಕ ನೀವು ಬೇರೆ ರೂಪ ತಾಳಬೇಕು ಎಂಬುದು ಇನ್ನೊಂದು. ಗ್ರೀಕ್ ಮೂಲದಲ್ಲಿ ಇಲ್ಲಿ ಬರುವ ಕ್ರಿಯಾಪದದ ಸ್ವರೂಪವನ್ನು ಪಂಡಿತರು ವಿಶೇಷವಾಗಿ ಗಮನಿಸಿದ್ದಾರೆ. ಅದು ಕರ್ಮಣಿ ಪ್ರಯೋಗ. ನಡೆಯುತ್ತಲೇ ಇರುವ ಕ್ರಿಯೆಯನ್ನು ಸೂಚಿಸುವಂಥದು. ಎಂದರೆ, ನಿಮ್ಮನ್ನು ನೀವೇ ಮಾರ್ಪಡಿಸಿಕೊಂಡುಬಿಡಿ ಎಂದು ಪೌಲನು ಹೇಳುತ್ತಿಲ್ಲ. ಮಾರ್ಪಾಟು ನಿಮ್ಮಲ್ಲಿ ನಡೆಯುವಂತೆ ಎಡೆಮಾಡಿಕೊಡಿ, ಅದು ದಿನದಿನವೂ ನಡೆಯುತ್ತಿರಲಿ ಎನ್ನುತ್ತಿದ್ದಾನೆ. ಬೆಟ್ಟದ ಮೇಲೆ ಯೇಸುವಿನ ರೂಪ ತೇಜೋಮಯವಾಗಿ ಬದಲಾದ ಸಂದರ್ಭವನ್ನು ಹೇಳುವಾಗ ಮತ್ತಾಯನ ಸುವಾರ್ತೆ ಬಳಸುವುದೂ ಇದೇ ಕ್ರಿಯಾಪದವನ್ನೇ.

ಇದಕ್ಕೆ ಹತ್ತಿರದ ಇನ್ನೊಂದು ಗ್ರೀಕ್ ಮಾತು ‘ಮೆಟನೋಯಾ’. ಸಾಮಾನ್ಯವಾಗಿ ಅದನ್ನು ಪಶ್ಚಾತ್ತಾಪವೆಂದು ಅನುವಾದಿಸುತ್ತಾರೆ. ಆದರೆ ಪಶ್ಚಾತ್ತಾಪವೆಂದರೆ ಹಿಂದಿನದನ್ನು ನೆನೆದು ಬೇಯುವುದು. ಮೆಟನೋಯಾದ ನೇರವಾದ ಅರ್ಥ ಮನಸ್ಸು ಬದಲಾಗುವುದು. ಕನ್ನಡದ ಕ್ರೈಸ್ತರಲ್ಲಿ ಬಳಕೆಯಲ್ಲಿರುವ ‘ಮಾನಸಾಂತರ’ ಎಂಬ ಪದ ಈ ಭಾವವನ್ನು ಚೆನ್ನಾಗಿ ಹಿಡಿದಿದೆ. ಊರು ಬಿಟ್ಟು ಊರಿಗೆ ಹೋಗುವುದು ಸ್ಥಳಾಂತರವಾದರೆ, ಒಂದು ಮನಸ್ಸನ್ನು ಬಿಟ್ಟು ಇನ್ನೊಂದು ಮನಸ್ಸಿಗೆ ಹೋಗುವುದು ಮಾನಸಾಂತರ.

ಸರಿ, ಮನಸ್ಸು ಹೊಸದಾಗಬೇಕು, ಆದರೆ ಹೇಗೆ? ಈ ಪ್ರಶ್ನೆಯನ್ನು ಹಿಡಿದು ಕೂತವರು ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋದ ವಿರಕ್ತರು. ಅವರಲ್ಲಿ ಎವಾಗ್ರಿಯಸ್ ಎಂಬವನ ಕಥೆ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು.

ಎವಾಗ್ರಿಯಸ್ ಹುಟ್ಟಿದ್ದು ಸುಮಾರು 345ರಲ್ಲಿ, ಕಪ್ಪು ಸಮುದ್ರದ ದಡದ ಪೊಂಟಸ್ ಪ್ರಾಂತ್ಯದಲ್ಲಿ. ಅದು ಈಗಿನ ತುರ್ಕಿ ದೇಶದ ಉತ್ತರ ಭಾಗ. ಓದಿನಲ್ಲಿ ನಿಪುಣ, ಮಾತಿನಲ್ಲಿ ಚತುರ. ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪ್ರಸಿದ್ಧ ಉಪನ್ಯಾಸಕನೆನಿಸಿಕೊಂಡ. ಅಲ್ಲಿ ಅವನ ಮನಸ್ಸು ಒಬ್ಬ ಅಧಿಕಾರಿಯ ಪತ್ನಿಯಲ್ಲಿ ನೆಟ್ಟಿತು. ಅನಾಹುತವಾಗುವ ಮೊದಲು ಊರು ಬಿಟ್ಟು ಜೆರೂಸಲೇಮಿಗೆ ಓಡಿದ. ಊರು ಬದಲಾಯಿತು, ಮನಸ್ಸು ಬದಲಾಗಲಿಲ್ಲ. ಅಲ್ಲಿ ಮತ್ತೆ ಉಡುಪಿನ ಬಿಂಕ, ಹೊಗಳಿಕೆಯ ಆಸೆ ಅವನನ್ನು ಹಿಡಿದವು. ಆಮೇಲೆ ಬಿದ್ದ ಜ್ವರ ತಿಂಗಳುಗಟ್ಟಲೆ ಬಿಡಲಿಲ್ಲ. ವೈದ್ಯರಿಗೆ ಕಾರಣ ತಿಳಿಯಲಿಲ್ಲ. ಅಲ್ಲಿನ ಮಠದ ಒಡತಿ ಮೆಲಾನಿಯಾ ಎಂಬ ಹಿರಿಯಳ ಮುಂದೆ ಅವನು ತನ್ನ ಒಳಗನ್ನೆಲ್ಲ ತೆರೆದಿಟ್ಟ ಮೇಲೆ ಗುಣವಾಯಿತೆಂದು ಅವನ ಶಿಷ್ಯ ಪಲ್ಲಾಡಿಯಸ್ ಬರೆದಿದ್ದಾನೆ. ಸುಮಾರು 383ರಲ್ಲಿ ಎವಾಗ್ರಿಯಸ್ ಈಜಿಪ್ಟಿಗೆ ಹೋದ. ನೈಟ್ರಿಯಾ ಎಂಬಲ್ಲಿ ಎರಡು ವರ್ಷ, ಆಮೇಲೆ ಕೆಲ್ಲಿಯಾ ಎಂಬ ಗುಡಿಸಲುಗಳ ನೆಲೆಯಲ್ಲಿ 399ರಲ್ಲಿ ಸಾಯುವವರೆಗೆ, ರೊಟ್ಟಿ ಉಪ್ಪು ಸ್ವಲ್ಪ ಎಣ್ಣೆ ಇಷ್ಟರಲ್ಲೇ ಬದುಕಿದ. ಅಂದವಾದ ಅಕ್ಷರದಲ್ಲಿ ಗ್ರಂಥಗಳನ್ನು ಪ್ರತಿ ಮಾಡಿಕೊಟ್ಟು ಹೊಟ್ಟೆ ಹೊರೆದುಕೊಳ್ಳುತ್ತಿದ್ದ.

ಮರುಭೂಮಿಯಲ್ಲಿ ಪೇಟೆಯಿಲ್ಲ, ಹೆಂಗಸರಿಲ್ಲ, ಹೊಗಳುವವರಿಲ್ಲ, ಪಾಲು ಕೇಳುವ ದಾಯಾದಿಗಳಿಲ್ಲ. ಇನ್ನು ಮನಸ್ಸಿಗೆ ಶಾಂತಿ ಎಂದು ಹೋದವರಿಗೆ ಆಶ್ಚರ್ಯ ಕಾದಿತ್ತು. ವಸ್ತುಗಳು ಊರಿನಲ್ಲೇ ಉಳಿದಿದ್ದವು, ವಸ್ತುಗಳ ಯೋಚನೆಗಳು ಜೊತೆಯಲ್ಲೇ ಬಂದಿದ್ದವು. ಮಾತ್ರವಲ್ಲ, ಊರಿನ ಗದ್ದಲ ಇಲ್ಲದೆ ಅವು ಇನ್ನಷ್ಟು ಗಟ್ಟಿಯಾಗಿ ಕೇಳಿಸತೊಡಗಿದವು. ನಮಗೆ ಹಗಲು ಕಾಡದ ಮಾತು ರಾತ್ರಿ ದೀಪ ಆರಿಸಿದ ಮೇಲೆ ಕಾಡುವುದಿಲ್ಲವೇ, ಹಾಗೆ.

ಎವಾಗ್ರಿಯಸ್ ಈ ಯೋಚನೆಗಳನ್ನು ಗಿಡಮೂಲಿಕೆಗಳನ್ನು ಪರೀಕ್ಷಿಸುವ ವೈದ್ಯನಂತೆ ಒಂದೊಂದಾಗಿ ಪರೀಕ್ಷಿಸಿದ. ಮನುಷ್ಯನನ್ನು ಕೆಡಿಸುವ ಮೂಲ ಯೋಚನೆಗಳು ಎಂಟು ಎಂದು ಲೆಕ್ಕ ಹಾಕಿದ: ಹೊಟ್ಟೆಬಾಕತನ, ಕಾಮ, ಧನಲೋಭ, ದುಃಖ, ಕೋಪ, ಜಡತೆ, ಹೊಗಳಿಕೆಯ ಹಂಬಲ, ಗರ್ವ. ಈ ಪಟ್ಟಿಯನ್ನು ಜಾನ್ ಕ್ಯಾಸಿಯನ್ ಎಂಬವನು ಐದನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್ ಜಗತ್ತಿಗೆ ಒಯ್ದ. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ ಅದನ್ನು ತಿದ್ದಿ ಏಳಕ್ಕೆ ಇಳಿಸಿದ. ಯುರೋಪಿನ ಚಿತ್ರಗಳಲ್ಲಿ, ಕಾವ್ಯಗಳಲ್ಲಿ ಬರುವ ‘ಏಳು ಮಹಾಪಾಪ’ಗಳ ಮೂಲ ಇದೇ. ಆದರೆ ಎವಾಗ್ರಿಯಸ್ ಇವನ್ನು ಪಾಪಗಳೆಂದು ಕರೆದಿರಲಿಲ್ಲ, ‘ಯೋಚನೆಗಳು’ ಎಂದು ಕರೆದಿದ್ದ. ವ್ಯತ್ಯಾಸ ದೊಡ್ಡದು. ಈ ಯೋಚನೆಗಳು ನಮ್ಮನ್ನು ಕಾಡಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿಲ್ಲ. ಅವು ನಮ್ಮಲ್ಲಿ ತಂಗಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ಇದು ಅವನ ಬೋಧನೆಯ ತಿರುಳು.

ಇದೇ ಮಾತನ್ನು ಮರುಭೂಮಿಯ ಇನ್ನೊಬ್ಬ ಹಿರಿಯ ಪೋಯ್‌ಮೆನ್ ಒಂದು ಆಟದಂತೆ ತೋರಿಸಿಕೊಟ್ಟ. ಒಬ್ಬ ಕಿರಿಯ ವಿರಕ್ತ ಬಂದು, ‘ಅಪ್ಪಾ, ಯೋಚನೆಗಳು ನುಗ್ಗುತ್ತವೆ, ನಾನು ಹಾಳಾಗುತ್ತಿದ್ದೇನೆ’ ಎಂದು ಅತ್ತನಂತೆ. ಹಿರಿಯ ಅವನನ್ನು ಬಯಲಿಗೆ ಕರೆದುಕೊಂಡು ಹೋಗಿ, ಬಟ್ಟೆಯನ್ನು ಬಿಡಿಸಿ ಗಾಳಿಯನ್ನು ಹಿಡಿದು ನಿಲ್ಲಿಸು ಎಂದ. ಆಗುವುದಿಲ್ಲವೆಂದ ಕಿರಿಯ. ಗಾಳಿಯನ್ನು ತಡೆಯಲಾರದವನು ಯೋಚನೆ ಬರುವುದನ್ನೂ ತಡೆಯಲಾರೆ. ಬಂದುದಕ್ಕೆ ಎದುರಾಗಿ ನಿಲ್ಲುವುದಷ್ಟೇ ನಿನ್ನ ಕೆಲಸ ಎಂದು ಹಿರಿಯ ತಿಳಿಸಿದ. ಎಷ್ಟು ಜನ ಭಕ್ತರು ‘ಇಂಥ ಯೋಚನೆ ನನಗೆ ಬಂದಿತಲ್ಲ, ನಾನೆಂಥ ಪಾಪಿ’ ಎಂದು ಅನವಶ್ಯಕವಾಗಿ ಕೊರಗುತ್ತಾರೋ! ಅವರ ತಲೆಯ ಮೇಲಿನ ಅರ್ಧ ಹೊರೆಯನ್ನು ಈ ಒಂದು ತಿಳುವಳಿಕೆ ಇಳಿಸುತ್ತದೆ.

ಏಳನೆಯ ಶತಮಾನದಲ್ಲಿ ಸಿನಾಯ್ ಬೆಟ್ಟದ ಮಠದ ಹಿರಿಯನಾಗಿದ್ದ ಯೋಹಾನ ಕ್ಲೈಮಕಸ್ ಇದನ್ನು ಇನ್ನೂ ಬಿಡಿಸಿ ಹೇಳಿದ. ಯೋಚನೆಯೊಂದು ಬಂದು ನಮ್ಮನ್ನು ಆಳುವವರೆಗೆ ಹಲವು ಮೆಟ್ಟಿಲುಗಳಿವೆ ಎಂದು ಅವನು ತೋರಿಸಿದ್ದಾನೆ. ನಮ್ಮ ಮನೆಯ ಮಾತಿನಲ್ಲೇ ಅದನ್ನು ವಿವರಿಸಬಹುದು. ಮೊದಲು ಯೋಚನೆ ಬೀದಿಯ ಬಾಗಿಲು ತಟ್ಟುತ್ತದೆ. ಇದರಲ್ಲಿ ನಮ್ಮ ತಪ್ಪಿಲ್ಲ. ಬಾಗಿಲಿರುವ ಮನೆಗೆ ಯಾರಾದರೂ ಬಂದಾರು. ಆಮೇಲೆ ನಾವು ಅದರೊಡನೆ ಜಗಲಿಯ ಮೇಲೆ ಕೂತು ಮಾತಿಗಿಳಿಯುತ್ತೇವೆ. ಮೂರನೆಯದಾಗಿ ‘ಒಳಗೆ ಬನ್ನಿ’ ಎಂದು ಮಣೆ ಹಾಕುತ್ತೇವೆ. ಇಲ್ಲಿ ನಮ್ಮ ಒಪ್ಪಿಗೆ ಸೇರಿತು. ಕೊನೆಗೆ ಬಂದವನು ನಡುಮನೆಯ ಯಜಮಾನನಾಗಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮನ್ನೇ ಕೆಲಸಕ್ಕೆ ಅಟ್ಟುತ್ತಾನೆ. ಜಗಲಿಯಲ್ಲಿ ಎಬ್ಬಿಸಿ ಕಳಿಸುವುದು ಸುಲಭ, ನಡುಮನೆಯಿಂದ ಹೊರಡಿಸುವುದು ಕಷ್ಟ. ಆದುದರಿಂದ ಬಂದವನು ಯಾರೆಂದು ಬಾಗಿಲಲ್ಲೇ ಕೇಳಬೇಕು. ‘ಇದು ಕೋಪ’, ‘ಇದು ಹೊಗಳಿಕೆಯ ಆಸೆ’ ಎಂದು ಹೆಸರಿಡಿದು ಕರೆದರೆ ಅರ್ಧ ಬಲ ಅಲ್ಲೇ ಕುಗ್ಗುತ್ತದೆ.

ಆದರೆ ಹೆಸರಿಡಿದು ಕರೆದ ಮಾತ್ರಕ್ಕೆ ಎಲ್ಲ ಯೋಚನೆಗಳೂ ಹೊರಡುವುದಿಲ್ಲ. ಹೊರಟುಹೋಗು ಎಂದು ಗದರಿಸಿದರೆ ಕೆಲವು ಇನ್ನೂ ಬಲವಾಗಿ ಕೂರುತ್ತವೆ. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬಾರದು ಎಂದು ಪಥ್ಯ ಹೇಳಿಸಿಕೊಂಡವನ ಪಾಡು ನಮಗೆಲ್ಲ ಗೊತ್ತು; ಬಟ್ಟಲು ಕೈಗೆತ್ತಿಕೊಂಡಾಗಲೆಲ್ಲ ಕೋತಿಯೇ ಎದುರು ಬರುತ್ತದೆ. 1987ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಅವರ ಸಂಗಡಿಗರು ಇಂಥದೇ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ಬಿಳಿಯ ಕರಡಿಯ ವಿಚಾರ ಮಾಡಬೇಡಿ, ಅದು ನೆನಪಾದರೆ ಗಂಟೆ ಬಾರಿಸಿ ಎಂದರು. ಸರಾಸರಿ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಗಂಟೆ ಬಾರಿಸಿತು. ಆಮೇಲೆ ‘ಈಗ ಕರಡಿಯನ್ನು ನೆನೆಯಬಹುದು’ ಎಂದಾಗ, ಮೊದಲಿನಿಂದ ತಡೆಹಿಡಿದಿದ್ದವರ ಮನಸ್ಸಿನಲ್ಲಿ ಕರಡಿ ಇನ್ನೂ ಹೆಚ್ಚಾಗಿ ಕುಣಿಯಿತು. ಆದರೆ ಕರಡಿ ನೆನಪಾದಾಗ ಅದರ ಬದಲು ಒಂದು ಕೆಂಪು ಕಾರನ್ನು ನೆನೆಯಿರಿ ಎಂದು ಹೇಳಿಸಿಕೊಂಡವರಲ್ಲಿ ಈ ಕಾಟ ಕಡಿಮೆಯಾಯಿತು. ಬರಿದೆ ತಳ್ಳುವುದರಿಂದ ಆಗದ್ದು, ಬೇರೆಯದನ್ನು ಹಿಡಿದುಕೊಳ್ಳುವುದರಿಂದ ಆಗುತ್ತದೆ.

ಈ ಪ್ರಯೋಗ ಶ್ರದ್ಧೆಯ ಸತ್ಯವನ್ನು ಸಿದ್ಧಪಡಿಸಿತೆಂದು ಹೇಳುವಂತಿಲ್ಲ. ಆದರೆ ಯೇಸು ಹೇಳಿದ ಒಂದು ಸಾಮತಿ ಇದಕ್ಕೆ ಬಹು ಹತ್ತಿರದಲ್ಲಿದೆ. ದುರಾತ್ಮವೊಂದು ಒಬ್ಬನನ್ನು ಬಿಟ್ಟುಹೋಗಿ, ಸ್ವಲ್ಪ ಕಾಲದ ಮೇಲೆ ತಿರುಗಿ ಬಂದು ನೋಡುತ್ತದೆ. ಮನೆ ಗುಡಿಸಿ ಸಾರಿಸಿ ಅಚ್ಚುಕಟ್ಟಾಗಿದೆ, ಆದರೆ ಖಾಲಿಯಾಗಿದೆ. ಆಗ ಅದು ತನಗಿಂತ ಕೆಟ್ಟ ಏಳು ಸಂಗಡಿಗರನ್ನು ಕೂಡಿಕೊಂಡು ಬಂದು ಅಲ್ಲೇ ಬಿಡಾರ ಹೂಡುತ್ತದೆ. ಮನಸ್ಸು ಶುಚಿಯಾದರೆ ಸಾಲದು, ತುಂಬಿರಬೇಕು ಎಂಬುದು ತಾತ್ಪರ್ಯ. ಪೌಲನು ಸೆರೆಯಲ್ಲಿದ್ದಾಗ ಫಿಲಿಪ್ಪಿ ಪಟ್ಟಣದವರಿಗೆ ಬರೆದ ಪತ್ರದಲ್ಲಿಯೂ, ಕೆಟ್ಟದ್ದನ್ನು ಯೋಚಿಸಬೇಡಿ ಎಂದು ನಿಷೇಧ ಹಾಕುವ ಬದಲು, ನಿಜವಾದದ್ದು, ನ್ಯಾಯವಾದದ್ದು, ಮನೋಹರವಾದದ್ದು ಯಾವುದಿದೆಯೋ ಅದರ ಮೇಲೆ ಮನಸ್ಸಿಡುವಂತೆ ಹೇಳುತ್ತಾನೆ. ಸರಪಳಿ ತೊಟ್ಟವನು ಬರೆದ ಮಾತು ಎಂಬುದನ್ನು ಮರೆಯಬಾರದು. ಸುಖದಲ್ಲಿರುವವನು ಹೀಗೆ ಹೇಳಿದರೆ ಅದಕ್ಕೆ ಇಷ್ಟು ತೂಕ ಬರುತ್ತಿರಲಿಲ್ಲ.

ಎವಾಗ್ರಿಯಸ್ ಈ ತತ್ತ್ವವನ್ನೇ ಹಿಡಿದು ಒಂದು ಕೈಪಿಡಿಯನ್ನು ಬರೆದ. ಎಂಟು ಬಗೆಯ ಯೋಚನೆಗಳಿಗೆ ಎಂಟು ಭಾಗಗಳು. ಒಟ್ಟು ಸುಮಾರು 500 ಸಣ್ಣ ಕಂಡಿಕೆಗಳು. ಪ್ರತಿಯೊಂದರಲ್ಲೂ ಇಂಥ ಯೋಚನೆ ಬಂದರೆ ಸತ್ಯವೇದದ ಇಂಥ ವಚನವನ್ನು ಎದುರುತ್ತರವಾಗಿ ಹೇಳಿಕೊಳ್ಳಬೇಕೆಂಬ ಸೂಚನೆಯಿದೆ. ಯೇಸುವೇ ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದು ಮೂರು ಸಲ ಪ್ರಲೋಭನೆಗೆ ಗುರಿಯಾದಾಗ, ಮೂರು ಸಲವೂ ಶಾಸ್ತ್ರವಚನದಿಂದಲೇ ಉತ್ತರ ಕೊಟ್ಟಿದ್ದ. ಅದೇ ಇವನಿಗೆ ಮಾದರಿ. ವಾದ ಬೆಳೆಸಬಾರದು, ಚುಟುಕಾಗಿ ಉತ್ತರ ಕೊಟ್ಟು ಕೆಲಸಕ್ಕೆ ಹೋಗಬೇಕು. ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೆ ವಚನಗಳನ್ನು ಬಾಯಿಪಾಠ ಮಾಡಿಸುವುದು, ಸಂಜೆ ಮನೆಮಂದಿಯೆಲ್ಲ ಕೂಡಿ ಓದಿ ಪ್ರಾರ್ಥಿಸುವುದು, ಕಥೋಲಿಕರು ಜಪಸರ ಹಿಡಿಯುವುದು ಇವೆಲ್ಲ ಈ ದೃಷ್ಟಿಯಿಂದ ಬರಿಯ ಆಚಾರವಲ್ಲ. ಬೇಕಾದಾಗ ಕೈಗೆ ಸಿಗುವಂತೆ ಉಗ್ರಾಣ ತುಂಬಿಡುವ ಕೆಲಸ. 19ನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದಂದಿನಿಂದ ಕನ್ನಡಿಗ ಕ್ರೈಸ್ತನಿಗೆ ಈ ಉಗ್ರಾಣ ತನ್ನ ನುಡಿಯಲ್ಲೇ ತೆರೆದುಕೊಂಡಿತು. ಕಷ್ಟಕಾಲದಲ್ಲಿ ಮನಸ್ಸಿಗೆ ಒದಗುವ ಮಾತು ತಾಯಿನುಡಿಯದೇ ಅಲ್ಲವೇ?

ಎಂಟರಲ್ಲಿ ‘ಜಡತೆ’ ಎಂದೆನಲ್ಲ, ಗ್ರೀಕಿನಲ್ಲಿ ‘ಅಕೇಡಿಯಾ’. ಅದರ ವರ್ಣನೆಯಲ್ಲಿ ಎವಾಗ್ರಿಯಸ್ ನಗಿಸುತ್ತಾನೆ, ನಮ್ಮನ್ನೇ ಕನ್ನಡಿಯಲ್ಲಿ ತೋರಿಸುತ್ತಾನೆ. ಅದು ಬರುವುದು ನಡುಹಗಲಿನಲ್ಲಿ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲು ಐವತ್ತು ಗಂಟೆಯಷ್ಟು ಉದ್ದವಾದಂತೆ ತೋರುತ್ತದೆ. ವಿರಕ್ತ ಮತ್ತೆ ಮತ್ತೆ ಕಿಟಕಿಯಲ್ಲಿ ಇಣುಕುತ್ತಾನೆ. ಊಟದ ವೇಳೆಗೆ ಇನ್ನೆಷ್ಟು ಹೊತ್ತಿದೆ ಎಂದು ಬಿಸಿಲು ನೋಡುತ್ತಾನೆ. ಯಾರಾದರೂ ಬಂದಾರೇ ಎಂದು ಹೊರಗೆ ಬಂದು ನಿಲ್ಲುತ್ತಾನೆ. ಈ ಜಾಗವೇ ಸರಿಯಿಲ್ಲ, ಈ ಕೆಲಸವೇ ಸರಿಯಿಲ್ಲ, ಇಲ್ಲಿಯವರಿಗೆ ಪ್ರೀತಿಯೇ ಇಲ್ಲ, ಬೇರೆ ಊರಿಗೆ ಹೋದರೆ ಎಲ್ಲ ಸರಿಯಾದೀತು ಎನಿಸುತ್ತದೆ. ಕಛೇರಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಗಡಿಯಾರ ನೋಡುವ ಗುಮಾಸ್ತನಿಗೂ, ಪುಸ್ತಕ ತೆರೆದಿಟ್ಟು ಘಳಿಗೆಗೊಮ್ಮೆ ಕೈಯಲ್ಲಿನ ಫೋನನ್ನು ನೋಡುವ ವಿದ್ಯಾರ್ಥಿಗೂ ಇದು ಪರಿಚಯದ ಅತಿಥಿಯೇ. ಎವಾಗ್ರಿಯಸ್ ಕೊಡುವ ಮದ್ದು ಸರಳ: ಗುಡಿಸಲು ಬಿಡಬೇಡ; ಹಿಡಿದ ಕೆಲಸವನ್ನು ಅಳತೆ ಗೊತ್ತುಮಾಡಿಕೊಂಡು ಮುಗಿಸು; ನಿನ್ನ ಆತ್ಮವನ್ನು ಎರಡು ಪಾಲು ಮಾಡಿ ಒಂದು ಪಾಲು ಇನ್ನೊಂದನ್ನು ಸಂತೈಸಲಿ. ಕುಗ್ಗಿದ ತನ್ನ ಪ್ರಾಣವನ್ನು ತಾನೇ ಮಾತನಾಡಿಸಿ ದೇವರಲ್ಲಿ ನಂಬಿಕೆಯಿಡೆಂದು ಹೇಳುವ ಕೀರ್ತನಕಾರನನ್ನು ಇಲ್ಲಿ ಅವನು ನೆನೆಯುತ್ತಾನೆ.

ಸಂಸಾರವಂದಿಗರಿಗೆ ಹೆಚ್ಚು ಉಪಯೋಗವಾಗುವ ಕ್ರಮವನ್ನು ಕೊಟ್ಟವನು ಸ್ಪೇನ್ ದೇಶದ ಸಂತ ಇಗ್ನೇಷಿಯಸ್. ಅವನು ಮೊದಲು ಸಿಪಾಯಿ ಮನುಷ್ಯ. 1521ರ ಮೇ ತಿಂಗಳಿನಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗಲಿ ಕಾಲು ಮುರಿಯಿತು. ಲೊಯೋಲಾದ ಮನೆಯಲ್ಲಿ ಮಲಗಿದ್ದಾಗ ಹೊತ್ತು ಹೋಗಲೆಂದು ವೀರಕಥೆಗಳನ್ನು ಕೇಳಿದ. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಒಂದಷ್ಟು ಹೊತ್ತು ಅರಮನೆಯ ಒಬ್ಬ ಹೆಣ್ಣಿನ ಸೇವೆಯಲ್ಲಿ ತಾನು ಮಾಡಲಿರುವ ಸಾಹಸಗಳನ್ನು ಕನಸು ಕಾಣುತ್ತಿದ್ದ. ಇನ್ನೊಂದಷ್ಟು ಹೊತ್ತು, ಸಂತರು ಮಾಡಿದ್ದನ್ನು ತಾನೂ ಮಾಡಿದರೆ ಹೇಗೆ ಎಂದು ಯೋಚಿಸುತ್ತಿದ್ದ. ಎರಡೂ ಯೋಚಿಸುವಾಗ ಸಿಹಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬರಿದಾಗುತ್ತಿತ್ತು, ಎರಡನೆಯದು ಮುಗಿದ ಮೇಲೂ ನಲಿವು ಉಳಿಯುತ್ತಿತ್ತು. ಈ ವ್ಯತ್ಯಾಸ ಒಂದು ದಿನ ಅವನ ಕಣ್ಣಿಗೆ ಬಿತ್ತು. ಯೋಚನೆಯನ್ನು ಅದು ಬರುವಾಗಿನ ರುಚಿಯಿಂದ ಅಳೆಯದೆ, ಹೋದಮೇಲೆ ಬಿಟ್ಟುಹೋಗುವ ರುಚಿಯಿಂದ ಅಳೆಯಬೇಕು ಎಂಬುದು ಅವನಿಗೆ ಸಿಕ್ಕ ಕೀಲಿಕೈ. ನಮ್ಮ ಮದುವೆಮನೆಯ ಜಗಳಕ್ಕೆ ಇದನ್ನು ಹಚ್ಚಿ ನೋಡಿ. ದಾಯಾದಿಗೆ ಮನಸ್ಸಿನಲ್ಲೇ ಮುಖ ಮುರಿಯುವಂತೆ ಉತ್ತರ ಕೊಡುವಾಗ ಒಂದು ಬಗೆಯ ಸುಖವಿಲ್ಲದಿಲ್ಲ. ಆದರೆ ಬೆಳಿಗ್ಗೆ ಏಳುವಾಗ ಬಾಯಲ್ಲಿ ಉಳಿದಿರುವುದು ಕಹಿ.

ಮುಂದೆ ಅವನು ರಚಿಸಿ 1548ರಲ್ಲಿ ಅಚ್ಚಾದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕದಲ್ಲಿ ದಿನದ ಆತ್ಮಪರಿಶೋಧನೆಗೆ ಐದು ಹಂತಗಳನ್ನು ಕೊಟ್ಟಿದ್ದಾನೆ. ಮೊದಲು, ದೊರೆತ ಒಳ್ಳೆಯದಕ್ಕಾಗಿ ದೇವರಿಗೆ ಕೃತಜ್ಞತೆ. ಎರಡು, ತನ್ನನ್ನು ತಾನು ಕಾಣುವ ಬೆಳಕಿಗಾಗಿ ಬೇಡಿಕೆ. ಮೂರು, ಎದ್ದಾಗಿನಿಂದ ಈವರೆಗೆ ಗಂಟೆ ಗಂಟೆಯ ಯೋಚನೆ, ಮಾತು, ಕೆಲಸಗಳ ತಪಾಸಣೆ. ನಾಲ್ಕು, ಕ್ಷಮೆಯ ಬೇಡಿಕೆ. ಐದು, ನಾಳೆಗೆ ಒಂದು ನಿಶ್ಚಯ. ಯಾವುದಾದರೂ ಒಂದು ದೋಷ ವಿಶೇಷವಾಗಿ ಕಾಡುತ್ತಿದ್ದರೆ, ವಾರದ ಏಳು ದಿನಕ್ಕೆ ಗೆರೆಗಳನ್ನು ಎಳೆದು, ತಪ್ಪಿದಾಗಲೆಲ್ಲ ಒಂದು ಚುಕ್ಕೆ ಹಾಕಿ, ಇಂದಿನ ಗೆರೆಯನ್ನು ನಿನ್ನೆಯ ಗೆರೆಯೊಡನೆ ಹೋಲಿಸಬೇಕೆನ್ನುತ್ತಾನೆ. ಹಾಲಿನ ಲೆಕ್ಕ ಬರೆದಿಡುವ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೃತಜ್ಞತೆ ಮೊದಲನೆಯ ಹಂತವಾಗಿರುವುದನ್ನು ಮಾತ್ರ ಗಮನಿಸಬೇಕು. ಸಾಲದ ಪಟ್ಟಿಯಿಂದ ಲೆಕ್ಕ ಆರಂಭಿಸಿದವನು ಎದೆಗುಂದುತ್ತಾನೆ. ಬಂದ ಆದಾಯವನ್ನು ಮೊದಲು ಬರೆದುಕೊಂಡವನಿಗೆ ಸಾಲವನ್ನು ನೋಡುವ ಧೈರ್ಯ ಇರುತ್ತದೆ. ಇಗ್ನೇಷಿಯಸ್ ಮತ್ತು ಸಂಗಡಿಗರ ಯೇಸುಸಭೆಗೆ 1540ರಲ್ಲಿ ಮನ್ನಣೆ ದೊರೆಯಿತು. ಅದೇ ಸಭೆಯವರು ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅವರ ಮೂಲಕ ಈ ಸಾಧನಾಕ್ರಮ ನಮ್ಮ ನಾಡಿಗೂ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಆತ್ಮಪರಿಶೋಧನೆಯೂ ಮಿತಿಮೀರಿದರೆ ರೋಗವಾಗಬಹುದು. 1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿದ್ದಾಗ ಇಗ್ನೇಷಿಯಸ್‌ಗೇ ಹೀಗಾಯಿತು. ಹೇಳಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಹೇಳಿಕೊಂಡರೂ ಏನೋ ಬಿಟ್ಟುಹೋಯಿತೆಂಬ ಸಂಶಯ ಅವನನ್ನು ತಿಂದುಹಾಕಿತು. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋದ. ಹಳೆಯ ಪಾಪಗಳನ್ನು ಇನ್ನು ಕೆದಕಬಾರದು, ದೇವರು ಕ್ಷಮಿಸಿದ್ದು ಕ್ಷಮಿಸಿದಂತೆಯೇ ಎಂದು ನಿರ್ಧರಿಸಿದಾಗ ಬಿಡುಗಡೆ ಸಿಕ್ಕಿತು. ಭಕ್ತಿಯ ವೇಷ ಹಾಕಿಕೊಂಡು ಬರುವ ಯೋಚನೆಯನ್ನೂ ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳಬೇಕೆಂದು ಅವನು ಕಲಿತದ್ದು ಹೀಗೆ. ಇನ್ನು, ವಾರಗಟ್ಟಲೆ ನಿದ್ರೆಯಿಲ್ಲ, ಅನ್ನ ಸೇರುವುದಿಲ್ಲ, ಬದುಕೇ ಬೇಡವೆನಿಸುತ್ತದೆ ಎನ್ನುವಂತಾದರೆ ಅದು ವೈದ್ಯರಿಗೆ ತೋರಿಸಬೇಕಾದ ಕಾಯಿಲೆ. ಶ್ರದ್ಧೆ ಸಾಲದು ಎಂದು ಅಂಥವರನ್ನು ಜರೆಯುವುದು ಅಜ್ಞಾನ, ಕ್ರೌರ್ಯ. ಮೂಳೆ ಮುರಿದವನಿಗೆ ಪ್ರಾರ್ಥನೆಯೂ ಬೇಕು, ಕಟ್ಟು ಹಾಕುವವನೂ ಬೇಕು.

ಹಾಗಾದರೆ ಇದರಲ್ಲೆಲ್ಲ ಶ್ರದ್ಧೆಯ ಪಾಲು ಯಾವುದು? ಯೋಚನೆಯನ್ನು ಗುರುತಿಸು, ಬದಲಿ ಯೋಚನೆ ಹಿಡಿ ಎಂಬುದನ್ನು ದೇವರನ್ನು ನಂಬದವರೂ ಹೇಳಬಹುದು; ಕ್ರಿಸ್ತನಿಗಿಂತ ಹಿಂದಿನಿಂದಲೂ ಇದ್ದ ಸ್ಟೋಯಿಕ್ ಪಂಥದವರು ಇಂಥದನ್ನು ಹೇಳಿದ್ದರು, 1960ರ ದಶಕದಲ್ಲಿ ಅಮೆರಿಕದ ವೈದ್ಯ ಆರನ್ ಬೆಕ್ ಇಂಥದೊಂದು ತಳಹದಿಯ ಮೇಲೆಯೇ ಖಿನ್ನತೆಗೆ ಚಿಕಿತ್ಸೆಯನ್ನು ರೂಪಿಸಿದರು. ಕ್ರೈಸ್ತನು ಇದಕ್ಕೆ ಸೇರಿಸುವುದು ಒಂದು ವಿಷಯ. ಮನಸ್ಸನ್ನು ತಿದ್ದಬೇಕಾದುದು ಅದೇ ಮನಸ್ಸಾದರೆ, ತನ್ನ ಹೆಗಲ ಮೇಲೆ ತಾನೇ ಹತ್ತಿದಂತೆ. ಒಳ್ಳೆಯದನ್ನು ಬಯಸಿಯೂ ಮಾಡಲಾರದ ತನ್ನ ಪಾಡನ್ನು ಪೌಲನು ಅದೇ ರೋಮ್ ಪತ್ರದ ಏಳನೆಯ ಅಧ್ಯಾಯದಲ್ಲಿ ತೋಡಿಕೊಂಡಿದ್ದಾನೆ. ಆದುದರಿಂದಲೇ ಅವನು ಕರ್ಮಣಿ ಪ್ರಯೋಗ ಬಳಸಿದ್ದು. ಹೊಸತನ ಕೃಪೆಯಾಗಿ ಬರುತ್ತದೆ. ನಮ್ಮ ಅಭ್ಯಾಸ ಅದಕ್ಕೆ ಬಾಗಿಲು ತೆರೆದಿಡುವ ಕೆಲಸ. ‘ಮೊದಲು ಸರಿಹೋಗು, ಆಮೇಲೆ ನಿನ್ನನ್ನು ಸ್ವೀಕರಿಸುತ್ತೇನೆ’ ಎಂದು ದೇವರು ಹೇಳುವುದಿಲ್ಲ, ಸ್ವೀಕರಿಸಿಯೇ ಸರಿಪಡಿಸುತ್ತಾನೆ ಎಂಬುದು ಕ್ರೈಸ್ತನ ನಂಬಿಕೆ. ಹೀಗೆ ನಂಬಿದವನು ದಿನಕ್ಕೆ ಹತ್ತು ಸಲ ಸೋತರೂ ಹನ್ನೊಂದನೆಯ ಸಲ ಏಳಬಲ್ಲ. ಏಕೆಂದರೆ ಅವನ ಬೆಲೆ ಅವನ ಗೆಲುವಿನ ಮೇಲೆ ನಿಂತಿಲ್ಲ.

ಕೊನೆಗೆ ಮತ್ತೆ ಮದುವೆಮನೆಯ ಮಾತಿಗೆ ಬರೋಣ. ಕೋಪದ ಬಗ್ಗೆ ಎವಾಗ್ರಿಯಸ್ ಒಂದು ಸೂಕ್ಷ್ಮವನ್ನು ಗುರುತಿಸಿದ್ದ: ಪ್ರಾರ್ಥನೆಗೆ ಕೂತಾಗಲೇ ಅದು ನೋಯಿಸಿದವನ ಮುಖವನ್ನು ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ. ಅದಕ್ಕೆ ಅವನು ಹೇಳಿದ ಮದ್ದು ಮನಸ್ಸಿನೊಳಗೆ ಮಾಡುವಂಥದಲ್ಲ. ಉಡುಗೊರೆ ಹಗೆಯನ್ನು ನಂದಿಸುತ್ತದೆ ಎಂದ. ನಾನೂರು ಜನರೊಡನೆ ಎದುರು ಬರುತ್ತಿದ್ದ ಅಣ್ಣ ಏಸಾವನಿಗೆ ತಮ್ಮ ಯಾಕೋಬ ಮುಂಚಿತವಾಗಿ ಕಾಣಿಕೆ ಕಳಿಸಿದ ಕಥೆಯನ್ನು ನೆನಪಿಸಿದ; ಅದೂ ಪಾಲಿನ ಜಗಳವೇ. ಕಾಣಿಕೆ ಕೊಡಲು ಏನೂ ಇಲ್ಲದ ನಮ್ಮಂಥ ಬಡವರು ಊಟಕ್ಕೆ ಕರೆಯಬೇಕು ಎಂದು ಸೇರಿಸಿದ. ಹದಿನಾರು ಶತಮಾನಗಳ ಹಿಂದೆ, ರೊಟ್ಟಿ ಉಪ್ಪಿನಲ್ಲಿ ಬದುಕಿದವನು ಹೇಳಿದ ಮಾತು ಇದು.

ಮನಸ್ಸಿನ ಕೆಲವು ಗಂಟುಗಳು ಮನಸ್ಸಿನಲ್ಲಿ ಬಿಚ್ಚುವುದಿಲ್ಲ, ಕೈಯಿಂದಲೇ ಬಿಚ್ಚಬೇಕು. ದೊಡ್ಡಪ್ಪನ ಮಗ ಇರುವುದು ಇದೇ ಊರಿನಲ್ಲಾದರೆ, ಬರುವ ಭಾನುವಾರ ಊಟಕ್ಕೆ ಬರಹೇಳಬಹುದು. ಅವನು ಬರದೆ ಇರಬಹುದು. ಬಂದರೂ ಹಳೆಯ ಮಾತು ಎತ್ತದೆ ಹಪ್ಪಳ ಸಂಡಿಗೆ ತಿಂದು ಹೋಗಬಹುದು. ಆದರೆ ಅವನಿಗೆ ಮಣೆ ಹಾಕಿದ ಮನೆಯಲ್ಲಿ, ಅವನ ಮೇಲಿನ ಕೋಪಕ್ಕೆ ಹಾಕಲು ಇನ್ನೊಂದು ಮಣೆ ಉಳಿದಿರುವುದಿಲ್ಲ.